ಮಿದುಳಿನ ರಕ್ತನಾಳದ ಗಂಟು: ಕಲಬುರಗಿಯಿಂದ ಗಾಮಾ ನೈಫ್‌ವರೆಗೆ ಒಂದು ಫೈಲಿನ ದಾರಿ

ನಮ್ಮ ಅಕ್ಕನ ಮಗನಿಗೆ ಆಗ ಹತ್ತೊಂಬತ್ತು ವರ್ಷ. ಬೆಳಗ್ಗೆ ಸುಸಲಾ ತಿನ್ನುತ್ತಾ ಕೂತವನು ಬಲಗೈ ಜಾಡಿಸುತ್ತಾ ಪಕ್ಕಕ್ಕೆ ಬಿದ್ದ. ಎಂಟು ದಿನದಿಂದ "ಮಾಮಾ, ತೆಲಿ ಭಾಳ ನೋಯ್ಲತ್ತದ" ಅಂತಿದ್ದ. ಮೊಬೈಲ್ ಜಾಸ್ತಿ ನೋಡ್ತೀಯಾ ಅಂತ ನಾವೇ ಬೈದಿದ್ದೆವು. ಅವನು ಬಿದ್ದಾಗ ಒಬ್ಬರು ಕೈಯಲ್ಲಿ ಬೀಗದ ಕೈ ಹಿಡಿಸಿದರು, ಇನ್ನೊಬ್ಬರು ಈರುಳ್ಳಿ ಹಿಚುಕಿ ಮೂಗಿಗೆ ಹಿಡಿದರು. ಸಂಜೆ ಹೊತ್ತಿಗೆ ಸ್ಕ್ಯಾನ್ ರಿಪೋರ್ಟಿನಲ್ಲಿ ಮೂರು ಅಕ್ಷರ ಇತ್ತು: ಎವಿಎಂ. ಅಂದ್ರೆ ಮಿದುಳಿನ ರಕ್ತನಾಳದ ಗಂಟು.

ನಾನು ಡಾಕ್ಟರಲ್ಲ, ಲೆಕ್ಕ ಬರೆಯುವವನು. ಆದರೆ ಫೈಲು ಹಿಡಿದು ಓಡಾಡಿದ್ದು ನಾನೇ. ಹಾಗಾಗಿ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ಈ ಕಾಯಿಲೆಗೆ ಚಿತ್ರ ನೋಡಿಯೇ ಚಿಕಿತ್ಸೆ ಮಾಡುತ್ತಾರೆ. ನಾಡಿ ಹಿಡಿದರೆ ತಿಳಿಯಲ್ಲ, ರಕ್ತ ಪರೀಕ್ಷೆಯಲ್ಲೂ ಸಿಗಲ್ಲ. ಗಾಮಾ ನೈಫ್ ಅನ್ನುವ ಯಂತ್ರ ಗಂಟಿಗೆ ಗುರಿ ಇಟ್ಟು ಬಿಡುವ ಕಿರಣಕ್ಕೂ ಕಣ್ಣು ಅಂದ್ರೆ ಚಿತ್ರವೇ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಚಿತ್ರ ತೆಗೆಯುವ ಊರು ಒಂದು, ಚಿಕಿತ್ಸೆ ಕೊಡುವ ಊರು ಇನ್ನೊಂದು. ನಡುವೆ ಕೆಲಸ ಕೆಡುವುದು ಅಲ್ಲೇ.

ಗಂಟು ಅಂದ್ರೆ ಏನು

ನಾರಾಯಣಪುರದ ಎಡದಂಡೆ ಕಾಲುವೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ದೊಡ್ಡ ಕಾಲುವೆಯ ನೀರು ತೂಬು ದಾಟಿ, ಸಣ್ಣ ಕಾಲುವೆಗೆ ಇಳಿದು, ಹೊಲಗಾಲುವೆಗೆ ಬರುವಷ್ಟರಲ್ಲಿ ಅದರ ರಭಸ ಇಳಿದಿರುತ್ತದೆ. ಮಿದುಳಿನಲ್ಲೂ ಹಾಗೇ. ಹೃದಯದಿಂದ ಬರುವ ರಕ್ತ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹರಡಿ, ಒತ್ತಡ ಕಳೆದುಕೊಂಡು, ವಾಪಸ್ ಒಯ್ಯುವ ನಾಳಕ್ಕೆ ಸೇರುತ್ತದೆ. ಎವಿಎಂನಲ್ಲಿ ನಡುವಿನ ಈ ಸಣ್ಣ ನಾಳಗಳೇ ಇಲ್ಲ. ದೊಡ್ಡ ಕಾಲುವೆ ನೇರ ಹಳ್ಳಕ್ಕೆ ಬಿದ್ದ ಹಾಗೆ. ದಂಡೆ ಎಷ್ಟು ದಿನ ತಡೆಯುತ್ತೆ, ಅಲ್ವಾ? ನಾಳಗಳು ಸುತ್ತಿಕೊಂಡ ಗಂಟಿಗೆ ಡಾಕ್ಟರು ನೈಡಸ್ ಅಂತಾರೆ. ಗೂಡು ಅಂತ ಅರ್ಥ.

ಇದು ಸಾಮಾನ್ಯವಾಗಿ ಹುಟ್ಟಿನಿಂದಲೇ ಇರುತ್ತದೆ ಅಂತ ಡಾಕ್ಟರು ಹೇಳುತ್ತಾರೆ. ಯಾರ ಮಾಟವೂ ಅಲ್ಲ, ತಾಯಿ ಬಸುರಿಯಲ್ಲಿ ಏನೋ ತಿಂದಿದ್ದಕ್ಕೂ ಅಲ್ಲ. ನಮ್ಮ ಅಕ್ಕನಿಗೆ ಈ ಮಾತನ್ನು ಹತ್ತು ಸಲ ಹೇಳಬೇಕಾಯಿತು. ಚಿಕಿತ್ಸೆ ಇಲ್ಲದೆ ಬಿಟ್ಟರೆ ವರ್ಷಕ್ಕೆ ನೂರರಲ್ಲಿ ಸುಮಾರು 2ರಿಂದ 4 ಜನರಿಗೆ ಗಂಟು ಒಡೆದು ಮಿದುಳಿನೊಳಗೆ ರಕ್ತ ಸೋರುತ್ತದೆ. ಒಮ್ಮೆ ಒಡೆದವರಿಗೆ ಮತ್ತೆ ಒಡೆಯುವ ಸಾಧ್ಯತೆ ಜಾಸ್ತಿ. ಅಂದ್ರೆ ಸುಮ್ನೆ ಮರೆತು ಕೂರುವ ಕಾಯಿಲೆಯಲ್ಲ, ಇವತ್ತೇ ರಾತ್ರಿ ಮನೆ ಮಾರಿ ಓಡುವ ಕಾಯಿಲೆಯೂ ಅಲ್ಲ.

ಹಂತ 1: ಬಿದ್ದ ಹೊತ್ತಿನಲ್ಲಿ

ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಬೀಗದ ಕೈ ಬಾಗಿಲಲ್ಲೇ ಇರಲಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ, ಅಥವಾ ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಶುರುವಾದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದ ಫಿಟ್ಸ್ ಆದರೆ ಬೇಗ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು. ಜನ್ಮದಲ್ಲೇ ಕಾಣದಂಥ ತಲೆನೋವು ಗಕ್ಕನೆ ಬಂದರೆ, ವಾಂತಿ ಆದರೆ, ಒಂದು ಕಡೆ ಕೈಕಾಲು ಸೋತರೆ, ಮಾತು ತೊದಲಿದರೆ ಐದು ನಿಮಿಷವೂ ಕಾಯಬೇಡಿ. ಯಾರಾದರೂ ಮೊಬೈಲಿನಲ್ಲಿ ಒಂದು ಅರ್ಧ ನಿಮಿಷ ವಿಡಿಯೋ ತೆಗೆದುಕೊಳ್ಳಿ. ಕೇಳಲು ಚೆನ್ನಾಗಿಲ್ಲ, ಗೊತ್ತು. ಆದರೆ ಯಾವ ಕೈ ಮೊದಲು ಜಾಡಿಸಿತು ಅನ್ನುವುದು ಡಾಕ್ಟರಿಗೆ ಬಹಳ ಮುಖ್ಯ, ಮತ್ತೆ ಆ ಹೊತ್ತಿನಲ್ಲಿ ಮನೆಯವರಿಗೆ ಅದು ನೆನಪಿರಲ್ಲ.

ಹಂತ 2: ಮೊದಲು ಸಿಟಿ

ಆಸ್ಪತ್ರೆಯಲ್ಲಿ ಮೊದಲು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ. ಹೊಸದಾಗಿ ಸೋರಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ರಕ್ತ ಇದ್ದರೆ ನಾಳಕ್ಕೆ ಬಣ್ಣದ ಔಷಧ ಬಿಟ್ಟು ಸಿಟಿ ಆಂಜಿಯೋ ಮಾಡಬಹುದು. ಒಂದು ಮಾತು ನೆನಪಿಡಿ: ರಕ್ತ ಹೆಪ್ಪುಗಟ್ಟಿ ಸಣ್ಣ ಗಂಟನ್ನು ಒತ್ತಿ ಮುಚ್ಚಿಬಿಡಬಹುದು. ಹಾಗಾಗಿ ಮೊದಲ ಚಿತ್ರದಲ್ಲಿ ಏನೂ ಸಿಗದಿದ್ದರೂ, ರಕ್ತ ಕರಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಬರೆದರೆ ತಪ್ಪಿಸಬೇಡಿ. "ಒಮ್ಮೆ ಆಗ್ಯದಲ್ಲ, ಮತ್ಯಾಕ?" ಅಂತ ನಮ್ಮ ಭಾವ ಕೇಳಿದ್ದು ಇದಕ್ಕೇ.

ಹಂತ 3: ಎಂಆರ್‌ಐ

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ದೊಡ್ಡ ಅಯಸ್ಕಾಂತ. ಗಂಟು ಮಿದುಳಿನ ಯಾವ ಭಾಗದಲ್ಲಿದೆ, ಮಾತಿಗೆ ಹತ್ತಿರವೋ ಕೈಕಾಲಿಗೆ ಹತ್ತಿರವೋ ಅನ್ನುವುದು ಇದರಲ್ಲಿ ತಿಳಿಯುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಬೇಕು. ಹಿಟ್ಟಿನ ಗಿರಣಿಯೊಳಗೆ ತಲೆ ಇಟ್ಟಷ್ಟು ಸದ್ದು. ಕಿವಿಗೆ ಹತ್ತಿಯೋ ಹೆಡ್‌ಫೋನೋ ಕೊಡುತ್ತಾರೆ, ಕೊಡದಿದ್ದರೆ ಕೇಳಿ.

ಒಳಗೆ ಹೋಗುವ ಮುಂಚೆ ಮೈಮೇಲಿನ ಲೋಹ ಎಲ್ಲ ತೆಗೆಯಬೇಕು. ನಮ್ಮ ಕಡೆ ಇದೇ ದೊಡ್ಡ ಕೆಲಸ. ತಾಳಿ, ಕಾಲುಂಗುರ, ಮೂಗುಬೊಟ್ಟು, ಉಡದಾರ, ದರ್ಗಾದ ತಾಯಿತ, ಕೊರಳಲ್ಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ. ನಮ್ಮ ಮುಂದೆ ಇದ್ದ ಅಜ್ಜಿಯೊಬ್ಬರು ಕರಡಿಗೆ ತೆಗೆಯಲು ಒಪ್ಪದೆ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಲಿಂಗವನ್ನು ಬಟ್ಟೆಯ ಶಿವದಾರದಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟರು. ಮಗಳು ಬಾಗಿಲ ಹೊರಗೆ ಅಂಗೈಯಲ್ಲಿ ಹಿಡಿದೇ ನಿಂತಿದ್ದಳು. ಕಾಲುಂಗುರ ಬಿಗಿಯಾಗಿದ್ದರೆ ಹಿಂದಿನ ರಾತ್ರಿಯೇ ಸೋಪು ಹಚ್ಚಿ ತೆಗೆದಿಡಿ. ಎದೆಯಲ್ಲಿ ಪೇಸ್‌ಮೇಕರ್, ಮೂಳೆಗೆ ರಾಡ್, ಕಣ್ಣಿಗೆ ಎಂದೋ ಸಿಡಿದ ಕಬ್ಬಿಣದ ಚೂರು, ಇಂಥದ್ದು ಏನಿದ್ದರೂ ಮೊದಲೇ ಹೇಳಬೇಕು. ವೆಲ್ಡಿಂಗ್ ಕೆಲಸದವರು ಈ ಕೊನೆಯದನ್ನು ಮರೆಯುತ್ತಾರೆ.

ಬಣ್ಣದ ಔಷಧ ಕೊಡುವುದಿದ್ದರೆ ಮೂತ್ರಪಿಂಡ ಸರಿಯಿದೆಯಾ ಅಂತ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರು ಸಿಟಿ ಆಂಜಿಯೋಗೆ ಮುಂಚೆ ಅದನ್ನು ಹೇಳಬೇಕು. ಬಸುರಿ ಇರಬಹುದು ಅನ್ನುವ ಅನುಮಾನ ಇದ್ದರೂ ಹೇಳಬೇಕು.

ರಿಪೋರ್ಟಿನಲ್ಲಿ ಎವಿಎಂ ಬದಲು ಕ್ಯಾವರ್ನೋಮಾ ಅಂತ ಬಂದರೆ ಅದು ಬೇರೆ ದಾರಿ. ಅದೂ ನಾಳದ ಗಂಟೇ, ಆದರೆ ರಕ್ತದ ರಭಸ ಇರಲ್ಲ. ಎಂಆರ್‌ಐಯಲ್ಲಿ ಪಂಚಮಿಯ ಜೋಳದ ಅರಳಿನ ಹಾಗೆ ಕಾಣುತ್ತದೆ, ಆಂಜಿಯೋದಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಕಿರಣ ಕೊಡಬೇಕಾ ಬೇಡವಾ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಡಿವಿಎ ಅಂತ ಇದ್ದರೆ ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಅದು ಮಿದುಳಿಗೆ ಬೇಕಾದ ನಾಳ, ಸ್ವಲ್ಪ ಬೇರೆ ಆಕಾರದಲ್ಲಿ ಬೆಳೆದಿದೆ ಅಷ್ಟೇ.

ಹಂತ 4: ಫೈಲು

ಇಲ್ಲಿ ಸ್ವಲ್ಪ ನಿಧಾನ ಓದಿ. ನಾವು ಸೋತಿದ್ದು ಇಲ್ಲೇ.

ಊರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ದೊಡ್ಡ ಕವರಿನಲ್ಲಿ ನಾಲ್ಕು ಫಿಲ್ಮು, ಒಂದು ಸಿಡಿ ಕೊಟ್ಟರು. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಕೆಳಗಿಟ್ಟರು. "ಸಿಡಿ ಇದೆಯಾ?" ಕೊಟ್ಟೆ. ಕಂಪ್ಯೂಟರಿನಲ್ಲಿ ಹಾಕಿದರು. ಖಾಲಿ. ಒಂದೂ ಚಿತ್ರ ಇಲ್ಲ. ಇಡೀ ಎಂಆರ್‌ಐ ಮತ್ತೆ ಮಾಡಿಸಿದೆವು, ದುಡ್ಡು ಮತ್ತೆ, ಎರಡು ದಿನ ಲಾಡ್ಜ್ ಬಾಡಿಗೆ ಬೇರೆ.

ಫಿಲ್ಮು ಅಂದ್ರೆ ನೂರಾರು ಚಿತ್ರದಲ್ಲಿ ಆರಿಸಿ ಅಚ್ಚು ಹಾಕಿದ ಕೆಲವು. ಮದುವೆ ವಿಡಿಯೋ ಬದಲು ನಾಲ್ಕು ಫೋಟೋ ಕೊಟ್ಟ ಹಾಗೆ. ಡಾಕ್ಟರಿಗೆ ಬೇಕಾದ್ದು ಡೈಕಾಮ್ ಫೈಲು, ಅಂದ್ರೆ ಯಂತ್ರದಿಂದ ನೇರ ಬಂದ ಎಲ್ಲ ಚಿತ್ರ. ಹಾಗಾಗಿ ಸೆಂಟರಿನಿಂದ ಹೊರಡುವ ಮುಂಚೆ ಕೌಂಟರಿನಲ್ಲೇ ಸಿಡಿ ಹಾಕಿಸಿ, ಚಿತ್ರ ತೆರೆಯುತ್ತದೆ ಅಂತ ಕಣ್ಣಾರೆ ನೋಡಿ. "ಪೂರಾ ಡೈಕಾಮ್ ಕೊಡ್ರಿ, ಬರೀ ಫೋಟೋ ಬ್ಯಾಡ" ಅಂತ ಹೇಳಿ. ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಸಿಕೊಳ್ಳಿ. ಸಿಡಿ ಮೇಲಿನ ಹೆಸರು, ವಯಸ್ಸು, ತಾರೀಕು ರಿಪೋರ್ಟಿಗೆ ತಾಳೆ ಆಗುತ್ತಾ ನೋಡಿ. ಆಧಾರ್‌ನಲ್ಲಿ ಒಂದು ಹೆಸರು, ಸ್ಕ್ಯಾನಿನಲ್ಲಿ ಮನೆಯಲ್ಲಿ ಕರೆಯುವ ಹೆಸರು ಬರೆಸಿದರೆ ಮುಂದೆ ಸರಕಾರಿ ಆರೋಗ್ಯ ಯೋಜನೆಯ ಕಾಗದದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಫಿಲ್ಮನ್ನು ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ನಮ್ಮ ಬಿಸಿಲಿಗೆ ಅದು ಕಪ್ಪಾಗಿ ಹೋಗುತ್ತದೆ.

ಫೈಲಿನಲ್ಲಿ ಮೊದಲ ಹಾಳೆ ನೀವೇ ಬರೆಯಿರಿ. ಮೊದಲ ಫಿಟ್ಸ್ ಯಾವತ್ತು, ಎಷ್ಟು ನಿಮಿಷ, ಈಗ ಯಾವ ಗುಳಿಗೆ ಎಷ್ಟು ಹೊತ್ತಿಗೆ, ಯಾವ ಔಷಧ ಆಗಿಬರಲ್ಲ. ಒಂದೇ ಪುಟ. ದೊಡ್ಡ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಸಮಯ ಕಮ್ಮಿ, ಆ ಪುಟ ನಿಮ್ಮ ಪರವಾಗಿ ಮಾತಾಡುತ್ತದೆ.

ಹಂತ 5: ಡಿಎಸ್‌ಎ, ಅಂದ್ರೆ ನಾಳದ ಒಳಗಿನ ಚಿತ್ರ

ಎಂಆರ್‌ಐ ಗಂಟಿನ ಜಾಗ ತೋರಿಸುತ್ತದೆ, ಡಿಎಸ್‌ಎ ಅದರ ನಡೆ ತೋರಿಸುತ್ತದೆ. ಯಾವ ನಾಳ ರಕ್ತ ತರುತ್ತಿದೆ, ಯಾವುದರಲ್ಲಿ ವಾಪಸ್ ಹೋಗುತ್ತಿದೆ, ಎಷ್ಟು ರಭಸ. ಮಿದುಳಿನ ನಾಳಕ್ಕೆ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುವ ಈ ವಿದ್ಯೆಯನ್ನು 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೋನಿಜ್ ಶುರು ಮಾಡಿದರು. ಈಗಲೂ ಎವಿಎಂಗೆ ಕೊನೆಯ ಮಾತು ಇದರದೇ.

ತೊಡೆಯ ಸಂದು ಅಥವಾ ಮಣಿಕಟ್ಟಿನಲ್ಲಿ ಮರಗಟ್ಟುವ ಸೂಜಿ ಹಾಕಿ, ತೆಳ್ಳನೆಯ ನಳಿಗೆಯನ್ನು ಕುತ್ತಿಗೆಯ ನಾಳದವರೆಗೆ ತಳ್ಳುತ್ತಾರೆ. ಔಷಧ ಬಿಟ್ಟಾಗ ಮುಖ ಬಿಸಿ ಬಿಸಿ ಅನಿಸುತ್ತದೆ. ನಮ್ಮ ಹುಡುಗ ಹೇಳಿದ್ದು, "ಒಲಿ ಮುಂದ ಕುಂತಂಗ ಆಯ್ತು, ಆಮ್ಯಾಲ ಏನಿಲ್ಲ." ತೊಡೆಯಿಂದ ಮಾಡಿದ್ದರೆ ಕೆಲವು ಗಂಟೆ ಕಾಲು ಮಡಚದೆ ಅಂಗಾತ ಮಲಗಬೇಕು. ಪಾರ್ಶ್ವವಾಯುವಿನ ಸಣ್ಣ ಅಪಾಯ ಇದೆ, ಅನುಭವಿಗಳ ಕೈಯಲ್ಲಿ ನೂರರಲ್ಲಿ ಒಂದಕ್ಕಿಂತ ಕಮ್ಮಿ. ಸಹಿ ಹಾಕಿಸುವ ಕಾಗದದಲ್ಲಿ ಅದನ್ನೇ ಬರೆದಿರುತ್ತಾರೆ. ಓದಿ ಹೆದರಬೇಡಿ, ಓದದೆಯೂ ಸಹಿ ಹಾಕಬೇಡಿ.

ಚಿಕಿತ್ಸೆ ಎಲ್ಲಿ ಮಾಡಿಸುತ್ತೀರೋ ಅಲ್ಲೇ ಡಿಎಸ್‌ಎ ಮಾಡಿಸುವುದು ನನ್ನ ಪ್ರಕಾರ ಒಳ್ಳೆಯದು. ಮೊದಲಿನ ಚಿತ್ರ ನಡೆಯಲ್ಲ ಅಂತ ಇದೊಂದಕ್ಕಂತೂ ಸುಮ್ನೆ ಇನ್ನೊಂದು ಸಲ ಮಲಗುವುದು ಬೇಡ.

ಹಂತ 6: ಯಾವ ದಾರಿ

ದಾರಿ ನಾಲ್ಕಿವೆ. ತಲೆಬುರುಡೆ ತೆರೆದು ಗಂಟನ್ನೇ ತೆಗೆಯುವುದು. ನಳಿಗೆಯಿಂದ ಅಂಟು ತುಂಬಿಸಿ ಮುಚ್ಚುವುದು. ಕಿರಣ ಕೊಡುವುದು. ಏನೂ ಮಾಡದೆ ಗಮನಿಸುತ್ತಾ ಇರುವುದು. ಕೊನೆಯದನ್ನು ಕೇಳಿ ನಮ್ಮ ಮಂದಿ "ಡಾಕ್ಟರ್ ಕೈ ಬಿಟ್ಟರು" ಅಂತಾರೆ. ಹಾಗಲ್ಲ. ಇನ್ನೂ ಒಡೆಯದ ಗಂಟಿನ ಬಗ್ಗೆ ಹಲವು ದೇಶಗಳಲ್ಲಿ ನಡೆದ ಅರೂಬಾ ಅನ್ನುವ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆ ಕೆಲವು ವರ್ಷಗಳ ಲೆಕ್ಕದಲ್ಲಿ, ಬರೀ ಗುಳಿಗೆಯಲ್ಲಿ ಇದ್ದವರೇ ಚಿಕಿತ್ಸೆ ಮಾಡಿಸಿದವರಿಗಿಂತ ಚೆನ್ನಾಗಿದ್ದರು. ಅದರ ಮೇಲೆ ವಾದ ಇನ್ನೂ ನಿಂತಿಲ್ಲ. ಹತ್ತೊಂಬತ್ತರ ಹುಡುಗನಿಗೆ ಮುಂದೆ ಐವತ್ತು ವರ್ಷ ಇದೆ, ಅರವತ್ತೈದರವರಿಗೆ ಲೆಕ್ಕವೇ ಬೇರೆ.

ಡಾಕ್ಟರು "ಗ್ರೇಡ್" ಅಂತ ಹೇಳಿದರೆ ಅದು 1986ರ ಸ್ಪೆಟ್ಜ್ಲರ್-ಮಾರ್ಟಿನ್ ಲೆಕ್ಕ. ಗಂಟು 3 ಸೆಂಟಿಮೀಟರ್‌ಗಿಂತ ಸಣ್ಣದಾದರೆ 1 ಅಂಕ, 3ರಿಂದ 6 ಆದರೆ 2, ಅದಕ್ಕಿಂತ ದೊಡ್ಡದಾದರೆ 3. ಮಾತು, ಕೈಕಾಲು, ದೃಷ್ಟಿಯಂಥ ಮುಖ್ಯ ಜಾಗದಲ್ಲಿದ್ದರೆ ಇನ್ನೊಂದು. ರಕ್ತ ಆಳದ ನಾಳಕ್ಕೆ ಹರಿಯುತ್ತಿದ್ದರೆ ಮತ್ತೊಂದು. ಒಟ್ಟು 1ರಿಂದ 5. ಅಂಕ ಜಾಸ್ತಿ ಆದಷ್ಟೂ ಆಪರೇಷನ್ ಕಷ್ಟ. ಸಣ್ಣದು, ಆದರೆ ಚಾಕು ಹೋಗಬಾರದ ಜಾಗದಲ್ಲಿದೆ ಅಂದ್ರೆ ಕಿರಣದ ಮಾತು ಬರುತ್ತದೆ. ನಮ್ಮ ಹುಡುಗನದು ಅದೇ.

ಡಾಕ್ಟರಿಗೆ ನಾಲ್ಕು ಪ್ರಶ್ನೆ ಕೇಳಿ: ಗಂಟು ಎಷ್ಟು ಸೆಂಟಿಮೀಟರ್, ಒಮ್ಮೆ ಒಡೆದಿದೆಯಾ, ಇವನ ಗಂಟು ಪೂರ್ತಿ ಮುಚ್ಚುವ ಸಾಧ್ಯತೆ ಎಷ್ಟು, ಮುಚ್ಚುವ ತನಕ ಏನು ಜಾಗ್ರತೆ.

ಹಂತ 7: ದುಡ್ಡು ಮತ್ತು ರೈಲು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿ. ಆದರೆ ಊರು ಬಿಡುವ ಮುಂಚೆಯೇ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್‌ನಂಥ ಸರಕಾರಿ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕಂಡು ಎರಡು ವಿಷಯ ಕೇಳಿ: ಈ ಚಿಕಿತ್ಸೆ ಪ್ಯಾಕೇಜಿನಲ್ಲಿ ಇದೆಯಾ, ರೆಫರಲ್ ಕಾಗದ ಬೇಕಾ. ಬೆಂಗಳೂರಿಗೆ ಹೋದ ಮೇಲೆ ಒಂದು ಸಹಿಗಾಗಿ ವಾಪಸ್ ಬಂದವರನ್ನು ನೋಡಿದ್ದೇನೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ. ಯಾದಗಿರಿ, ಕಲಬುರಗಿಯವರು ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳಿಯಬಹುದು. 2024ರಿಂದ ಕಲಬುರಗಿಯಿಂದ ವಂದೇ ಭಾರತ್ ಕೂಡ ಇದೆ, ಅದು ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಹೋಗುತ್ತದೆ. ಫಿಟ್ಸ್ ಇರುವವರಿಗೆ ಮೇಲಿನ ಬರ್ತ್ ಬೇಡವೇ ಬೇಡ. ಗುಳಿಗೆ ಕೈಚೀಲದಲ್ಲಿರಲಿ, ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಅಲ್ಲ. ನಿದ್ದೆಗೆಟ್ಟರೂ ಫಿಟ್ಸ್ ಬರುತ್ತದೆ, ಆದ್ದರಿಂದ ರಾತ್ರಿ ಹರಟೆ ನೀವು ಹೊಡೆಯಿರಿ, ಅವರನ್ನು ಮಲಗಿಸಿ.

ಹಂತ 8: ಕಿರಣದ ದಿನ

ಹೆಸರಿನಲ್ಲಿ ನೈಫ್ ಇದೆ, ಚಾಕು ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲೇ ಈ ಯೋಚನೆ ಮುಂದಿಟ್ಟರು. ಯಂತ್ರದೊಳಗೆ ಕೋಬಾಲ್ಟ್‌-60 ತುಂಬಿದ ಸುಮಾರು ಇನ್ನೂರು ಮೂಲಗಳು ಇರುತ್ತವೆ, ಹಳೆಯದರಲ್ಲಿ 201, ಹೊಸದರಲ್ಲಿ 192. ಒಂದೊಂದು ಕಿರಣವೂ ದುರ್ಬಲ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಒಬ್ಬನೇ ಕೈ ಹಾಕಿದರೆ ತೇರು ಅಲ್ಲಾಡುತ್ತಾ? ಎಲ್ಲ ಕೈ ಸೇರಿದರೆ ಹೊರಡುತ್ತದೆ. ಹಾಗೇ ಎಲ್ಲ ಕಿರಣ ಸೇರುವ ಒಂದೇ ಜಾಗದಲ್ಲಿ ಶಕ್ತಿ. ಸುತ್ತಲಿನ ಮಿದುಳಿಗೆ ಪೆಟ್ಟು ಕಮ್ಮಿ. ಲಿನಾಕ್, ಸೈಬರ್ ನೈಫ್ ಯಂತ್ರಗಳಲ್ಲೂ ಇದೇ ಚಿಕಿತ್ಸೆ ಆಗುತ್ತದೆ. ಯಂತ್ರದ ಹೆಸರಿಗಿಂತ ಎವಿಎಂ ಮಾಡಿ ಮಾಡಿ ಪಳಗಿದ ತಂಡ ಮುಖ್ಯ.

ಬೆಳಗ್ಗೆ ಹಣೆಯಲ್ಲಿ ಎರಡು, ಹಿಂದೆ ಎರಡು ಕಡೆ ಮರಗಟ್ಟುವ ಸೂಜಿ ಹಾಕಿ ಲೋಹದ ಚೌಕಟ್ಟನ್ನು ತಲೆಗೆ ತಿರುಪಿನಿಂದ ಬಿಗಿಯುತ್ತಾರೆ. ಸುಳ್ಳು ಹೇಳಲ್ಲ, ಸೂಜಿ ಹಾಕುವಾಗ ನೋಯುತ್ತದೆ. ಆಮೇಲೆ ಹತ್ತು ಹದಿನೈದು ನಿಮಿಷ ತಲೆಯನ್ನು ಯಾರೋ ಹಿಡಿದು ಒತ್ತಿದ ಹಾಗೆ, ನಂತರ ಅಭ್ಯಾಸ. ತಲೆ ಬೋಳಿಸುವುದಿಲ್ಲ. ಅಕ್ಕ ಅದನ್ನೇ ಮೂರು ಸಲ ಕೇಳಿದ್ದಳು. ಚೌಕಟ್ಟು ಹಾಕಿಕೊಂಡು ಹೊರಬಂದ ಮಗನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಅವನು "ಅವ್ವಾ, ಫೋಟೋ ತಗಿ" ಅಂದ.

ಚೌಕಟ್ಟಿನ ಸಮೇತ ಮತ್ತೆ ಎಂಆರ್‌ಐ, ಮತ್ತೆ ಡಿಎಸ್‌ಎ. ಚೌಕಟ್ಟು ಅಳತೆ ಪಟ್ಟಿ ಇದ್ದ ಹಾಗೆ, ಮಿಲಿಮೀಟರ್ ಲೆಕ್ಕದಲ್ಲಿ ಗುರಿ ಸಿಗುತ್ತದೆ. ಆಮೇಲೆ ಡಾಕ್ಟರು, ಭೌತವಿಜ್ಞಾನಿ ಕಂಪ್ಯೂಟರ್ ಮುಂದೆ ಕೂತು ಯೋಜನೆ ಹಾಕುತ್ತಾರೆ. ದಿನದಲ್ಲಿ ಅತಿ ಉದ್ದದ ಕಾಯುವಿಕೆ ಇದು, ಊಟ ಕಟ್ಟಿಕೊಂಡು ಹೋಗಿ. ಕಿರಣ ಕೊಡುವುದು ಅರ್ಧ ಗಂಟೆಯಿಂದ ಕೆಲವು ಗಂಟೆ. ನೋವಿಲ್ಲ, ಶಾಖವಿಲ್ಲ. ಸಂಜೆ ಚೌಕಟ್ಟು ಬಿಚ್ಚಿ ತಿರುಪಿನ ಜಾಗಕ್ಕೆ ಪಟ್ಟಿ ಹಾಕುತ್ತಾರೆ. ಮಾರನೇ ದಿನಕ್ಕೆ ಮನೆ.

ಊರಿಗೆ ಬಂದಾಗ ಎಲ್ಲರೂ ಕೇಳಿದ್ದು "ಕರೆಂಟ್ ಕೊಟ್ರಾ?" ಅಂತ. ಕೆಲವರು ಮಕ್ಕಳನ್ನು ಅವನ ಹತ್ತಿರ ಬಿಡಲಿಲ್ಲ. ಯಂತ್ರ ನಿಂತ ಮೇಲೆ ಮೈಯಲ್ಲಿ ಯಾವ ಕಿರಣವೂ ಉಳಿಯಲ್ಲ. ಜೊತೆಗೆ ಕೂತು ಉಣ್ಣಬಹುದು.

ಹಂತ 9: ಮೂರು ವರ್ಷ

ನಿಜವಾದ ಹಂತ ಇದು. ಕಿರಣ ಬಿದ್ದ ತಕ್ಷಣ ಗಂಟು ಹೋಗಲ್ಲ. ನಾಳದ ಒಳಪದರ ನಿಧಾನಕ್ಕೆ ದಪ್ಪವಾಗುತ್ತಾ ಬರುತ್ತದೆ. ನಮ್ಮ ಬೋರ್‌ವೆಲ್ ನೀರಿಗೆ ಪೈಪಿನೊಳಗೆ ಸುಣ್ಣ ಕಟ್ಟಿ ಒಂದು ದಿನ ನೀರೇ ನಿಲ್ಲುವುದಿಲ್ವಾ, ಹಾಗೆ. ಅದಕ್ಕೆ 2ರಿಂದ 3 ವರ್ಷ ಬೇಕು. ಸಣ್ಣ ಗಂಟುಗಳಲ್ಲಿ ನೂರಕ್ಕೆ 70–80 ಪೂರ್ತಿ ಮುಚ್ಚುತ್ತವೆ. ಪೂರ್ತಿ ಮುಚ್ಚುವ ತನಕ ಒಡೆಯುವ ಅಪಾಯ ಇದ್ದೇ ಇರುತ್ತದೆ. ಅರ್ಧ ಮುಚ್ಚಿದೆ ಅಂದ್ರೆ ಅರ್ಧ ಅಪಾಯ ಅಂತ ಲೆಕ್ಕ ಹಾಕಬೇಡಿ.

ಈ ಮೂರು ವರ್ಷದಲ್ಲಿ ಜನ ಆಸ್ಪತ್ರೆಗೆ ಹೋಗುವುದನ್ನು ಬಿಡುತ್ತಾರೆ. ಹುಡುಗ ಚೆನ್ನಾಗಿದ್ದಾನೆ, ಓಡಾಡ್ತಾನೆ, ಮತ್ಯಾಕೆ ಖರ್ಚು? ಡಾಕ್ಟರು ಹೇಳಿದ ತಾರೀಕಿಗೆ ಎಂಆರ್‌ಐ ಆಗಲೇಬೇಕು. ಅದನ್ನು ಕಲಬುರಗಿಯಲ್ಲೇ ಮಾಡಿಸಿ ಡೈಕಾಮ್ ಒಯ್ಯಬಹುದಾ ಅಂತ ಕೇಳಿ, ಒಂದು ಓಡಾಟ ಉಳಿಯಬಹುದು. ನಡುವೆ ಗಂಟಿನ ಸುತ್ತ ಬಾವು ಬರುವುದುಂಟು. ತಲೆನೋವು, ಕೈ ಮರಗಟ್ಟುವುದು ಶುರುವಾದರೆ ತಡಮಾಡದೆ ತೋರಿಸಿ. ಹೆಚ್ಚಿನವರಿಗೆ ಔಷಧದಿಂದ ಇಳಿಯುತ್ತದೆ.

ಫಿಟ್ಸ್ ಗುಳಿಗೆ ಒಂದು ದಿನವೂ ತಪ್ಪಬಾರದು. ಬಿಪಿ ಇದ್ದರೆ ಹಿಡಿತದಲ್ಲಿರಲಿ. ತಲೆನೋವಿಗೆ ಅಂಗಡಿಯಿಂದ ಆಸ್ಪಿರಿನ್‌ನಂಥ ಗುಳಿಗೆ ತಂದು ನುಂಗಬೇಡಿ, ಕೇಳಿ ತೆಗೆದುಕೊಳ್ಳಿ. ಬೈಕ್ ಬೇಡ. ಬೇಸಿಗೆಯಲ್ಲಿ ಗೆಳೆಯರ ಜೊತೆ ಬಾವಿಯಲ್ಲಿ ಈಜುವುದು ಬೇಡ. ನಮ್ಮ ಹುಡುಗನಿಗೆ ಬೈಕಿಗಿಂತ ಬಾವಿ ಬಿಡುವುದೇ ಕಷ್ಟವಾಯಿತು. ಮದುವೆಯಾದ ಹೆಣ್ಣುಮಕ್ಕಳು ಮಗುವಿನ ಯೋಚನೆ ಮಾಡುವ ಮುಂಚೆ ಡಾಕ್ಟರ ಜೊತೆ ಮಾತಾಡಬೇಕು.

ಎಂಆರ್‌ಐಯಲ್ಲಿ ಗಂಟು ಕಾಣದಿದ್ದರೂ ಮುಗಿಯಿತು ಅಂತಲ್ಲ. ಇನ್ನೊಂದು ಡಿಎಸ್‌ಎ ಮಾಡಿ, ಅದರಲ್ಲೂ ಇಲ್ಲ ಅಂದಾಗಲೇ ಮುಚ್ಚಿದೆ ಅಂತ ಬರೆಯುತ್ತಾರೆ. ಉಳಿದಿದ್ದರೆ ಎರಡನೇ ಸಲ ಕಿರಣದ ಮಾತು. ನಮ್ಮವನಿಗೆ ಬರುವ ಮಾರ್ಚ್‌ಗೆ ಮೂರು ವರ್ಷ. ಉದ್ಯಾನ್‌ನಲ್ಲಿ ಕೆಳಗಿನ ಬರ್ತ್ ಎರಡು, ಮೇಲಿನದು ಒಂದು ಬುಕ್ ಮಾಡಿದ್ದೇನೆ. ಮೇಲಿನದು ನನಗೆ. ಸಿಡಿಗಳನ್ನು ನಿನ್ನೆ ಒಂದೊಂದೇ ಹಾಕಿ ನೋಡಿದೆ, ಎಲ್ಲ ತೆರೆದುಕೊಂಡವು.